ಪೊಲೀಸರಿಗೂ ಚಪ್ಪಾಳೆ ಬಿದ್ದ ರಾತ್ರಿ: ಟಿಕೆಟ್ ಕೊಳ್ಳುವ ಮೊದಲು ಓದಿ

ಸಿನಿಮಾ ಪ್ರಶಸ್ತಿ ಸಮಾರಂಭಗಳನ್ನು ಅಣಕಿಸುವ ಹಾಸ್ಯ ಕಾರ್ಯಕ್ರಮವೊಂದು ನಮ್ಮ ಜಿಲ್ಲೆಯಲ್ಲಿ ಊರೂರು ಸುತ್ತುತ್ತಿದೆ. ‘ಏನು ಬೇಕಾದರೂ ಆಗಬಹುದು’ ಎಂಬುದು ಅದರ ಜಾಹೀರಾತಿನ ಸಾಲು. ಮಾರ್ಚಿನಲ್ಲಿ ಕಾರವಾರದಲ್ಲಿ ಅದನ್ನು ನೋಡಿ ಬಂದವನು ನಾನು. ಆ ಸಾಲಿನಲ್ಲಿ ಒಂದಕ್ಷರವೂ ಸುಳ್ಳಿಲ್ಲ. ತೊಂದರೆ ಇರುವುದೇ ಅಲ್ಲಿ. ತಂಡದ ಹೆಸರನ್ನಾಗಲಿ ಸಂಘಟಕರ ಹೆಸರನ್ನಾಗಲಿ ಇಲ್ಲಿ ಬರೆಯುವುದಿಲ್ಲ. ಪೋಸ್ಟರ್ ಕಂಡರೆ ನಿಮಗೇ ಗುರುತು ಸಿಗುತ್ತದೆ.

ಅಡಿಕೆ ಕೊಯ್ಲು ಮುಗಿದಿತ್ತು. ನಾನು, ಹೆಂಡತಿ, ಅಕ್ಕ, ಭಾವ ನಾಲ್ವರೂ ಶಿರಸಿಯಿಂದ ದೇವಿಮನೆ ಘಟ್ಟ ಇಳಿದು, ಕುಮಟಾ ಅಂಕೋಲಾ ದಾಟಿ ಕಾರವಾರ ಸೇರಿದೆವು. ಹೋಗುವಾಗಲೇ ನೂರು ಕಿಲೋಮೀಟರಿಗೂ ಮೀರಿದ ದಾರಿ. ಟಿಕೆಟ್ ತಲೆಗೆ 499 ರೂಪಾಯಿ, ಜೊತೆಗೆ ‘ತೆರಿಗೆ’ ಎಂದು 90 ರೂಪಾಯಿ. ನಾಟಕ, ಸಂಗೀತ, ಪ್ರಶಸ್ತಿ ಸಮಾರಂಭ ಇಂಥವುಗಳ ಪ್ರವೇಶ ದರ ತಲೆಗೆ 500 ರೂಪಾಯಿ ಮೀರದಿದ್ದರೆ ಜಿಎಸ್‌ಟಿ ಇಲ್ಲ ಎಂಬುದು ನನಗೆ ಆಮೇಲೆ ತಿಳಿಯಿತು. ರಸೀದಿಯಲ್ಲಿ ಜಿಎಸ್‌ಟಿ ಸಂಖ್ಯೆಯೂ ಇರಲಿಲ್ಲ. ಹಣ ಹೋದದ್ದು ಯಾವ ಸಂಸ್ಥೆಯ ಖಾತೆಗೂ ಅಲ್ಲ, ಒಬ್ಬ ವ್ಯಕ್ತಿಯ ಮೊಬೈಲ್ ಸಂಖ್ಯೆಗೆ. ಅಲ್ಲೇ ನಿಲ್ಲಬೇಕಿತ್ತು. ನಿಲ್ಲಲಿಲ್ಲ.

ಸಮಯ ಸಂಜೆ ಆರೂವರೆ ಎಂದಿತ್ತು. ಕಡಲಿಗೆ ಹತ್ತಿರದ ಖಾಸಗಿ ಬಯಲು, ಕೆಂಪು ನೆಲಹಾಸು, ಬಂಗಾರದ ಬಣ್ಣ ಬಳಿದ ತೆಂಗಿನ ಕರಟಗಳೇ ಪ್ರಶಸ್ತಿ ಫಲಕಗಳು. ನೋಡಲು ಚೆನ್ನಾಗಿಯೇ ಇತ್ತು. ನಮ್ಮ ನಾಲ್ಕು ಕುರ್ಚಿಗಳಲ್ಲಿ ಆಗಲೇ ಬೇರೆ ನಾಲ್ವರು ಕುಳಿತಿದ್ದರು, ಅವರ ಕೈಯಲ್ಲೂ ಅದೇ ಸಂಖ್ಯೆಯ ಟಿಕೆಟ್. ಸ್ವಯಂಸೇವಕನನ್ನು ಕರೆದರೆ ಅವನು ನಕ್ಕು, “ಸರ್, ಆಸ್ಕರ್‌ನಲ್ಲೂ ತಾರೆಯರು ಎದ್ದುಹೋದಾಗ ಕುರ್ಚಿ ತುಂಬಲು ಬೇರೆಯವರನ್ನು ಕೂರಿಸುತ್ತಾರೆ, ಇದೂ ಹಾಗೆಯೇ” ಎಂದ. ಆಸ್ಕರ್‌ನಲ್ಲಿ ಹಾಗೆ ಮಾಡುವುದು ನಿಜ. ಆದರೆ ಅಲ್ಲಿ ತಾರೆ ಮರಳಿ ಬಂದರೆ ಕುರ್ಚಿ ಬಿಟ್ಟುಕೊಡುತ್ತಾರೆ. ನಾವು ಎಂಟೂ ಮುಕ್ಕಾಲರವರೆಗೆ ನಿಂತೇ ಇದ್ದೆವು. ಆರಂಭವಾದದ್ದೂ ಎಂಟೂ ಮುಕ್ಕಾಲಿಗೇ. ಮುರುಗಲ ಪಾನಕಕ್ಕೆ 80 ರೂಪಾಯಿ ಎಂಬುದನ್ನು ಇಲ್ಲಿ ಸೇರಿಸುವುದು ಸಣ್ಣತನವೆನಿಸಬಹುದು; ಸೇರಿಸುತ್ತೇನೆ.

ನ್ಯಾಯವಾಗಿ ಹೇಳಬೇಕೆಂದರೆ ಮೊದಲ ಹತ್ತು ನಿಮಿಷ ಹೊಟ್ಟೆ ಹುಣ್ಣಾಗುವಷ್ಟು ನಕ್ಕೆವು. ‘ಪೆಟ್ಟು ಬೀಳುವ ಮೊದಲೇ ಹಾರಿಬಿದ್ದ ಶ್ರೇಷ್ಠ ಖಳ’ ಎಂಬ ಪ್ರಶಸ್ತಿ ಪಡೆದ ಹುಡುಗ, ತನ್ನನ್ನು ಬೀಳಿಸಿದ ಹಾಸಿಗೆಗೂ ಆ ಹಾಸಿಗೆಯ ಹತ್ತಿಗೂ ಹತ್ತಿ ಬೆಳೆದ ರೈತನಿಗೂ ಕಣ್ಣೀರಿಟ್ಟು ಕೃತಜ್ಞತೆ ಸಲ್ಲಿಸಿದ. ಅವನಲ್ಲಿ ಪ್ರತಿಭೆ ಇದೆ. ಅವನಿಗೆ ಸಂಭಾವನೆ ಸಿಕ್ಕಿತೋ ಇಲ್ಲವೋ ಎಂಬುದು ನನ್ನ ಬೇರೆ ಸಂಶಯ.

ಆಮೇಲೆ ಲಕೋಟೆ ಅದಲುಬದಲಾಗುವ ತಮಾಷೆ ಬಂತು. 2017ರ ಆಸ್ಕರ್‌ನಲ್ಲಿ ‘ಲಾ ಲಾ ಲ್ಯಾಂಡ್’ ತಂಡ ವೇದಿಕೆಯಲ್ಲಿ ಧನ್ಯವಾದ ಹೇಳುತ್ತಿರುವಾಗಲೇ ಶ್ರೇಷ್ಠ ಚಿತ್ರ ಪ್ರಶಸ್ತಿ ‘ಮೂನ್‌ಲೈಟ್’ಗೆ ಎಂದು ಗೊತ್ತಾಯಿತಲ್ಲ, ಅದರ ಅಣಕು. ಅಲ್ಲಿ ಲಕೋಟೆಗಳ ಎರಡು ಪ್ರತಿಗಳು ವೇದಿಕೆಯ ಎರಡೂ ಬದಿಯಲ್ಲಿರುತ್ತವೆ; ಆಗಲೇ ಘೋಷಣೆಯಾಗಿದ್ದ ಶ್ರೇಷ್ಠ ನಟಿ ಪ್ರಶಸ್ತಿಯ ಇನ್ನೊಂದು ಪ್ರತಿ ನಿರೂಪಕರ ಕೈಗೆ ಹೋದದ್ದರಿಂದ ಎಡವಟ್ಟಾಯಿತು. ಇಲ್ಲಿ ಮೊದಲ ಸಲ ನಕ್ಕೆವು, ಎರಡನೆಯ ಸಲವೂ ನಕ್ಕೆವು. ಐದನೆಯ ಸಲ ನಿರೂಪಕನ ಹಣೆಯ ಬೆವರು ಕಂಡಾಗ ಗೊತ್ತಾಯಿತು, ಅವನ ಬಳಿ ಮುಂದಿನ ಹಾಳೆ ನಿಜವಾಗಿಯೂ ಇಲ್ಲ. ಮೈಕ್ ಕೆಟ್ಟಿತು: ‘ಇದೂ ಅಣಕು.’ ಜನರೇಟರ್ ನಿಂತು ಇಪ್ಪತ್ತು ನಿಮಿಷ ಕತ್ತಲಾಯಿತು: ‘ಅಗಲಿದ ಕಲಾವಿದರಿಗೆ ಮೌನ ಶ್ರದ್ಧಾಂಜಲಿ.’ ಬರಬೇಕಿದ್ದ ‘ವಿಶೇಷ ಅತಿಥಿ’ ಬರಲಿಲ್ಲ: ‘ದೊಡ್ಡ ನಟರು ಪ್ರಶಸ್ತಿಗೆ ಬರುವುದುಂಟೇ?’

ನಾನು ಎಚ್ಚರಿಸಬೇಕೆಂದಿರುವುದು ಇದನ್ನೇ. ಗೊಂದಲವನ್ನೇ ಸರಕೆಂದು ಮಾರುವವನಿಗೆ ತಪ್ಪು ಎಂಬುದೇ ಇರುವುದಿಲ್ಲ. ನೀವು ದೂರು ಹೇಳಿದ ಕೂಡಲೇ ನೀವು ತಮಾಷೆ ತಿಳಿಯದ ಗಂಟುಮುಖದವರಾಗುತ್ತೀರಿ. ಬಡಗುತಿಟ್ಟು ಯಕ್ಷಗಾನದ ಹಾಸ್ಯಗಾರನನ್ನು ನೋಡುತ್ತ ಬೆಳೆದವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಅವನು ಬಾಯಿಗೆ ಬಂದದ್ದನ್ನು ಆಡುವಂತೆ ಕಾಣುತ್ತಾನೆ, ರಾಜನ ಸಿಂಹಾಸನಕ್ಕೂ ಕೈ ಹಾಕುತ್ತಾನೆ. ಆದರೆ ಭಾಗವತರು ಪದ್ಯ ಎತ್ತಿದೊಡನೆ ಅವನ ಕಾಲು ತಾಳಕ್ಕೆ ಸರಿಯಾಗಿ ಬೀಳುತ್ತದೆ. ಇಲ್ಲಿ ಭಾಗವತರೇ ಇರಲಿಲ್ಲ. ಕೆಟ್ಟ ಸಿನಿಮಾಗಳಿಗೆ ಅಣಕು ಪ್ರಶಸ್ತಿ ಕೊಡುವ ‘ರಾಝಿ’ ಕೂಡ 1981ರಲ್ಲಿ ಲಾಸ್ ಏಂಜಲೀಸಿನ ಒಂದು ಮನೆಯ ಹಜಾರದಲ್ಲಿ ಶುರುವಾದದ್ದು. ಹಾಗಾಗಿ ದುಡ್ಡಿಲ್ಲದ್ದು ನೆಪವಾಗಲಾರದು.

ಇಷ್ಟಕ್ಕೇ ಮುಗಿದಿದ್ದರೆ ನಾನು ಈ ಬರಹ ಬರೆಯುತ್ತಿರಲಿಲ್ಲ. 2022ರ ಆಸ್ಕರ್ ಸಮಾರಂಭದಲ್ಲಿ ನಟ ವಿಲ್ ಸ್ಮಿತ್ ವೇದಿಕೆ ಹತ್ತಿ ಹಾಸ್ಯನಟ ಕ್ರಿಸ್ ರಾಕ್ ಕೆನ್ನೆಗೆ ಬಾರಿಸಿದ ಪ್ರಸಂಗ ಎಲ್ಲರಿಗೂ ನೆನಪಿದೆ. ಅದನ್ನು ಆಡಿ ತೋರಿಸಲು ಅವರು ಪ್ರೇಕ್ಷಕರ ನಡುವಿನಿಂದ ನನ್ನ ಭಾವನನ್ನು ಎಳೆದುಕೊಂಡು ಹೋದರು. ಸೊಸೈಟಿಯಲ್ಲಿ ಮೂವತ್ತು ವರ್ಷ ಲೆಕ್ಕ ಬರೆದ, ಮದುವೆಮನೆಯ ಫೋಟೋಗೂ ಹಿಂದೆ ಸರಿಯುವ ಮನುಷ್ಯ. ಬೇಡ ಎಂದು ಎರಡು ಸಲ ಹೇಳಿದರು. ಕೈಗೆ ರಬ್ಬರ್ ಕವಚ ತೊಟ್ಟ ಹುಡುಗ ಹೊಡೆದ. ಪೆಟ್ಟು ಜೋರಾಗಿರಲಿಲ್ಲ, ಆದರೆ ಕನ್ನಡಕ ಹಾರಿ ಇನ್ನೊಬ್ಬನ ಬೂಟಿನಡಿ ಸಿಕ್ಕಿ ಪುಡಿಯಾಯಿತು. ಬಯಲಿಗೆ ಬಯಲೇ ನಕ್ಕಿತು. ಭಾವನ ಕೈಗೆ ಒಂದು ಕರಟ ಕೊಟ್ಟು ಕೆಳಗಿಳಿಸಿದರು. ಆಸ್ಕರ್ ಅಕಾಡೆಮಿ ಸ್ಮಿತ್ ಅವರನ್ನು 10 ವರ್ಷ ತನ್ನ ಸಮಾರಂಭಗಳಿಂದ ದೂರವಿಟ್ಟಿತು. ಇಲ್ಲಿ ಕ್ಷಮೆ ಕೇಳಲೂ ಒಬ್ಬ ಬರಲಿಲ್ಲ. ಅಕ್ಕ ಮಾತ್ರ ಎದ್ದು ನಿಂತು ಬೈದಳು. ಅದಕ್ಕೂ ಚಪ್ಪಾಳೆ ಬಿತ್ತು.

ರಾತ್ರಿ ಹತ್ತಕ್ಕೆ ಪೊಲೀಸರು ಬಂದರು. ಬಯಲಿನಲ್ಲಿ ಹತ್ತರಿಂದ ಬೆಳಗಿನ ಆರರವರೆಗೆ ಧ್ವನಿವರ್ಧಕ ಹಾಕುವಂತಿಲ್ಲ ಎಂಬ ನಿಯಮ 2000ನೇ ಇಸವಿಯದು. ಇಡೀ ರಾತ್ರಿ ಆಡುತ್ತಿದ್ದ ಯಕ್ಷಗಾನ ಮೇಳಗಳೂ ಅದರ ಬಿಸಿ ಅನುಭವಿಸಿವೆ. ಇದು ಗೊತ್ತಿದ್ದೂ ಮೂರು ಗಂಟೆಯ ಕಾರ್ಯಕ್ರಮವನ್ನು ಎಂಟೂ ಮುಕ್ಕಾಲಿಗೆ ಆರಂಭಿಸಿದ್ದರು. ಪೇದೆಯೊಬ್ಬರು ವೇದಿಕೆ ಹತ್ತಿ ಮೈಕ್ ಆರಿಸಲು ಹೇಳಿದಾಗ ಜನ ಅದನ್ನು ಮುಂದಿನ ಅಂಕವೆಂದುಕೊಂಡು ಕೇಕೆ ಹಾಕಿದರು. ಆ ಪೇದೆ ಒಂದು ಕ್ಷಣ ತಬ್ಬಿಬ್ಬಾಗಿ ನಿಂತು, ಪಾಪ, ತಾವೂ ನಕ್ಕುಬಿಟ್ಟರು. ಮೂರು ನಿಮಿಷವಾದರೂ ಯಾರೂ ಏಳಲಿಲ್ಲ. ದೀಪ ಆರಿದ ಮೇಲೆ ಒಂದೇ ಕಿರಿದಾದ ಬಾಗಿಲಿನಲ್ಲಿ ನೂಕುನುಗ್ಗಲು. ಮಗುವನ್ನೆತ್ತಿಕೊಂಡಿದ್ದ ಒಬ್ಬ ಹೆಂಗಸು ಗೋಡೆಗೆ ಒತ್ತಿಕೊಂಡು ನಿಂತದ್ದನ್ನು ನಾನು ಮರೆತಿಲ್ಲ. ಕನ್ನಡಕವಿಲ್ಲದ ಭಾವನನ್ನು ಕೈಹಿಡಿದು ಕಾರಿನವರೆಗೆ ನಡೆಸಿದೆ.

ಹಣ ಮರಳಿ ಕೇಳಿದ್ದಕ್ಕೆ ವಾಟ್ಸಾಪ್‌ನಲ್ಲಿ ಬಂದ ಉತ್ತರ: ‘ನೀವು ಕೊಂಡದ್ದು ಗೊಂದಲ, ಕೊಟ್ಟದ್ದೂ ಅದೇ.’ ಮರುದಿನ ಆ ಸಂಖ್ಯೆ ಮೌನವಾಯಿತು. ನಾನು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ದೂರು ಕೊಟ್ಟಿದ್ದೇನೆ. ನಮ್ಮ ಜಿಲ್ಲಾ ಗ್ರಾಹಕ ಆಯೋಗ ಇರುವುದೂ ಕಾರವಾರದಲ್ಲೇ; 2019ರ ಕಾಯ್ದೆಯಂತೆ ಎರಡು ವರ್ಷದೊಳಗೆ ದೂರು ಸಲ್ಲಿಸಬಹುದು, ತೆತ್ತ ಮೊತ್ತ 5 ಲಕ್ಷ ಮೀರದಿದ್ದರೆ ಶುಲ್ಕವಿಲ್ಲ. ನೀವೂ ಅಲ್ಲಿದ್ದವರಾದರೆ ಟಿಕೆಟಿನ ಚಿತ್ರ, ಹಣ ಸಂದಾಯದ ದಾಖಲೆ, ಆ ರಾತ್ರಿಯ ವಿಡಿಯೊ ಯಾವುದನ್ನೂ ಅಳಿಸಬೇಡಿ. ಹೋಗಲೇಬೇಕೆಂದಿರುವವರು ಮುಂಗಡ ಕೊಡಬೇಡಿ, ಬಾಗಿಲು ಎಷ್ಟಿವೆ ಎಂದು ನೋಡಿಕೊಳ್ಳಿ, ಮೊದಲ ಸಾಲಿನಲ್ಲಿ ಕೂರಬೇಡಿ.

ಕರಟವನ್ನು ಅಕ್ಕ ಬಚ್ಚಲೊಲೆಗೆ ಹಾಕಲು ಹೊರಟಿದ್ದಳು. ಸಾಕ್ಷಿಯಾಗಿ ಇರಲಿ ಎಂದು ನಾನು ಇಟ್ಟುಕೊಂಡಿದ್ದೇನೆ. ಮೊನ್ನೆ ಶಿರಸಿಯ ಬಸ್ ನಿಲ್ದಾಣದ ಹತ್ತಿರ ಅದೇ ತಂಡದ ಹೊಸ ಪೋಸ್ಟರ್ ಕಂಡಿತು. ಟಿಕೆಟ್ ದರ 599. ಕೆಳಗೆ ದಪ್ಪ ಅಕ್ಷರಗಳಲ್ಲಿ: ‘ಕಾರವಾರದಲ್ಲಿ ಪೊಲೀಸರೂ ನಕ್ಕ ಕಾರ್ಯಕ್ರಮ.’