ಬಳ್ಳಾರಿಯಲ್ಲಿ ಅಂಬಾಸಿಡರ್ ಸಿಲ್ ಕೆಲಸ: ವೆಲ್ಡಿಂಗ್ ಪಕ್ಕಾ, ಒಳಲೇಪನ ಕೇಳಿ ಹಾಕಿಸಿಕೊಳ್ಳಿ

ಅಂಬಾಸಿಡರ್‌ನ ಸಿಲ್, ಅಂದರೆ ಬಾಗಿಲ ಕೆಳಗೆ ಉದ್ದಕ್ಕೆ ಇರುವ ಟೊಳ್ಳು ತಗಡಿನ ಪಟ್ಟಿ, ತೂತು ಬಿದ್ದರೆ ಬಹಳ ಕಡೆ ಮಾಡುವುದು ಒಂದೇ: ಮೇಲೊಂದು ಶೀಟ್ ತುಂಡು, ಅದರ ಮೇಲೆ ಪುಟ್ಟಿ, ಆಮೇಲೆ ಕಪ್ಪು ಪೇಂಟು. ಒಂದೆರಡು ಮಳೆಗಾಲ ಕಳೆಯುವಷ್ಟರಲ್ಲಿ ಪುಟ್ಟಿ ಉಬ್ಬಿ ಉದುರುತ್ತದೆ. ಬಳ್ಳಾರಿಯ ಈ ಸಣ್ಣ ಟಿಂಕರಿಂಗ್ ಶೆಡ್‌ನವರು ಆ ದಾರಿ ಹಿಡಿಯುವುದಿಲ್ಲ. ತುಕ್ಕು ಪೂರ್ತಿ ಕತ್ತರಿಸಿ, ಗಟ್ಟಿ ತಗಡು ಸಿಕ್ಕ ಮೇಲೆಯೇ ಬೆಸುಗೆ ಹಾಕುತ್ತಾರೆ.

ಈ ಕಾರಿಗೆ ಜೀಪಿನಂತೆ ಬೇರೆ ಚಾಸಿ ಇಲ್ಲ. ಮಾರಿಸ್ ಆಕ್ಸ್‌ಫರ್ಡ್ ಸೀರೀಸ್ 3 ಎಂಬ ಬ್ರಿಟಿಷ್ ಕಾರಿನಿಂದ ಬಂದದ್ದು, ಬಾಡಿಯೇ ಚಾಸಿ. ಬಾಗಿಲ ಕೆಳಗಿನ ಸಿಲ್, ನೆಲದಡಿಯ ಅಡ್ಡ ಮೆಂಬರ್ (ಅಡ್ಡ ತೊಲೆ), ಹಿಂದಿನ ಲೀಫ್ ಸ್ಪ್ರಿಂಗ್ ಕೂರುವ ಜಾಗ, ಭಾರ ಹೊರುವುದು ಇವೇ. ಬಳ್ಳಾರಿ ಬಿಸಿಲಿಗೆ ತುಕ್ಕು ಬರುವುದಿಲ್ಲ ಎಂದು ನಂಬಿ ಕೂರಬೇಡಿ. ಎರೆಮಣ್ಣು ಒಮ್ಮೆ ಸಿಲ್‌ನೊಳಗೆ ಸೇರಿತೆಂದರೆ ಮಳೆ ನಿಂತು ವಾರಗಟ್ಟಲೆ ನೀರು ಬಿಡುವುದಿಲ್ಲ. ಮೇಲೆ ಹೊಳೆಯುವ ಪೇಂಟಿರುತ್ತದೆ, ಒಳಗೆ ತಗಡು ಕರಗುತ್ತಿರುತ್ತದೆ. ಶೆಡ್‌ನಲ್ಲಿ ಮೊದಲ ತಪಾಸಣೆ ಸ್ಕ್ರೂಡ್ರೈವರ್‌ನದು: ಸಿಲ್‌ನ ಕೆಳ ಅಂಚಿಗೆ ಒತ್ತುತ್ತಾ ಹೋಗುತ್ತಾರೆ, ಠಣ್ ಎಂದರೆ ಸರಿ, ಮೆತ್ತಗೆ ಒಳಗಿಳಿದರೆ ಅಲ್ಲಿಗೆ ಚಾಕ್‌ಪೀಸ್ ಗುರುತು. ಹೊರ ಸಿಲ್ ಬಿಚ್ಚಿದಾಗ ಬೊಗಸೆಗಟ್ಟಲೆ ಕಪ್ಪು ಮಣ್ಣು, ಅದರ ಜೊತೆಗೆ ಹಪ್ಪಳದಂತೆ ಎದ್ದ ತುಕ್ಕಿನ ಪದರಗಳು ನೆಲಕ್ಕೆ ಬೀಳುತ್ತವೆ.

ಇವರನ್ನು ಮೆಚ್ಚಬೇಕಾದದ್ದು ಕತ್ತರಿಸುವ ಮೊದಲಿನ ತಯಾರಿಗೆ. ಸೀಟು, ಕಾರ್ಪೆಟ್, ಪೆಟ್ರೋಲ್ ಟ್ಯಾಂಕ್ ಇಳಿಸುತ್ತಾರೆ, ಬ್ಯಾಟರಿಯ ಎರಡೂ ವೈರ್ ಕಳಚುತ್ತಾರೆ. ಆಮೇಲೆ ಬಾಗಿಲಿನ ಚೌಕಟ್ಟಿಗೆ 1 ಇಂಚಿನ ಚೌಕ ಪೈಪನ್ನು ಅಡ್ಡಲಾಗಿ, ಮೂಲೆಯಿಂದ ಮೂಲೆಗೆ ಟ್ಯಾಕ್ ಮಾಡುತ್ತಾರೆ, ಅಂದರೆ ಚುಕ್ಕಿ ಬೆಸುಗೆಯಲ್ಲಿ ತಾತ್ಕಾಲಿಕವಾಗಿ ಹಿಡಿಸುತ್ತಾರೆ. ಇದನ್ನು ಬಿಟ್ಟು ಸಿಲ್ ಕೊಯ್ದರೆ ಬಾಡಿ ನಡುವಲ್ಲಿ ಜಗ್ಗುತ್ತದೆ. ಜಗ್ಗಿದ ಸ್ಥಿತಿಯಲ್ಲೇ ಹೊಸ ಸಿಲ್ ಕೂತರೆ ಬಾಗಿಲು ಎಂದಿಗೂ ಸರಿಯಾಗಿ ಮುಚ್ಚುವುದಿಲ್ಲ. ಒಂದು ಸಲಕ್ಕೆ ಒಂದೇ ಬದಿ ಕೊಯ್ಯುತ್ತಾರೆ. ಹೊಸ ಸಿಲ್‌ಗೆ ಟ್ಯಾಕ್ ಹಾಕಿದ ಮೇಲೆ ಬಾಗಿಲು ತೂಗುಹಾಕಿ, ಸಂದಿ ಮೇಲಿಂದ ಕೆಳಗಿನವರೆಗೆ ಒಂದೇ ಸಮ ಇದೆಯೇ ಎಂದು ನೋಡಿಯೇ ಮುಂದುವರಿಯುತ್ತಾರೆ.

ಮುಂದಿನ ಟಾರ್ಷನ್ ಬಾರ್‌ಗಳ (ತಿರುಚಿಕೊಂಡು ಸ್ಪ್ರಿಂಗ್‌ನ ಕೆಲಸ ಮಾಡುವ ಉಕ್ಕಿನ ಸರಳುಗಳ) ಹಿಂತುದಿ ಹಿಡಿದಿರುವ ಅಡ್ಡ ಮೆಂಬರ್‌ಗೆ ತುಕ್ಕು ಹಿಡಿದಿದ್ದರೆ ಕೆಲಸದ ಲೆಕ್ಕವೇ ಬೇರೆ. ಬಾರ್‌ನ ತಿರುಚು ಬಲ ಇಳಿಸದೆ ಅಲ್ಲಿ ಗ್ರೈಂಡರ್ ಹಚ್ಚುವುದು ಪ್ರಾಣಾಪಾಯ. ಇಲ್ಲಿನ ಮೇಸ್ತ್ರಿಗೆ ಅದು ಗೊತ್ತು. ಬಾರ್ ಸಡಿಲಿಸದೆ ಆ ಭಾಗ ಮುಟ್ಟುವುದಿಲ್ಲ.

ಸಿಲ್‌ಗೆ 18 ಗೇಜ್, ಅಂದರೆ 1.2 ಮಿ.ಮೀ. ಸಿಆರ್ (ಕೋಲ್ಡ್ ರೋಲ್ಡ್) ಉಕ್ಕಿನ ಶೀಟ್, ಸ್ಪ್ರಿಂಗ್ ಕೂರುವ ಜಾಗಕ್ಕೆ 14 ಗೇಜ್ ಬಳಸುತ್ತಾರೆ. ‘ಗಟ್ಟಿ ಇರಲಿ’ ಎಂದು ಸಿಲ್‌ಗೂ 3 ಮಿ.ಮೀ. ಪ್ಲೇಟ್ ಕೇಳುವ ಗ್ರಾಹಕರಿದ್ದಾರೆ, ಕೇಳಬೇಡಿ. ದಪ್ಪ ಪ್ಲೇಟಿಗೆ ಬೇಕಾದ ಕಾವಿಗೆ ಪಕ್ಕದ ತೆಳು ತಗಡು ಸುಟ್ಟು ತೂತಾಗುತ್ತದೆ, ಮುಂದೆ ಜೋಡಣೆಯ ಅಂಚಿನಲ್ಲೇ ಬಿರುಕು ಬಿಡುತ್ತದೆ. ವೆಲ್ಡಿಂಗ್ 0.8 ಮಿ.ಮೀ. ವೈರಿನ ಸಿಒ2 ಯಂತ್ರದಲ್ಲಿ, ಅಂದರೆ ಇಂಗಾಲದ ಡೈಆಕ್ಸೈಡ್ ಅನಿಲದ ರಕ್ಷಣೆಯಲ್ಲಿ ಬೆಸೆಯುವ ಯಂತ್ರದಲ್ಲಿ. ಮೂಲ ಸ್ಪಾಟ್ ವೆಲ್ಡ್ ಇದ್ದ ಅಂಚುಗಳಲ್ಲಿ 8 ಮಿ.ಮೀ. ತೂತು ಕೊರೆದು ಪ್ಲಗ್ ವೆಲ್ಡ್ ತುಂಬುತ್ತಾರೆ. ನೇರ ಜೋಡಣೆಗಳಲ್ಲಿ ಒಂದು ಇಂಚು ಇಲ್ಲಿ, ಮುಂದಿನ ಇಂಚು ಅಲ್ಲಿ. ಒಂದೇ ಉಸಿರಿಗೆ ಎಳೆದರೆ ಶೀಟ್ ಸೊಟ್ಟಗಾಗುತ್ತದೆ.

ತಕರಾರು ಇರುವುದು ಮುಗಿಸುವ ಹಂತದಲ್ಲಿ. ಕೆಳಗೆ ಡಾಂಬರಿನಂಥ ಅಂಡರ್‌ಕೋಟ್ ದಪ್ಪಗೆ ಬಳಿಯುವ ಭರದಲ್ಲಿ ಸಿಲ್‌ನ ನೀರು ಹೋಗುವ ತೂತುಗಳನ್ನೂ ಮುಚ್ಚಿಬಿಡುತ್ತಾರೆ. ಒಳಬದಿಗೆ ಏನನ್ನೂ ಹಾಕುವುದಿಲ್ಲ. ವೆಲ್ಡಿಂಗ್ ಕಾವಿಗೆ ಒಳಗಿನ ಪ್ರೈಮರ್ ಸುಟ್ಟುಹೋಗಿರುತ್ತದೆ, ತುಕ್ಕು ಮತ್ತೆ ಶುರುವಾಗುವುದು ಆ ಬೋಳು ಜಾಗದಿಂದಲೇ. ಇಷ್ಟು ಚೆನ್ನಾಗಿ ಬೆಸೆಯುವ ಕೈಗಳು ಇದನ್ನು ಬಿಡುವುದು ನಿಜಕ್ಕೂ ನೋವಿನ ಸಂಗತಿ. ಗಾಡಿ ಬಿಡುವಾಗಲೇ ಹೇಳಿ: ಜೋಡಿಸುವ ಅಂಚುಗಳಿಗೆ ಸತುವಿನ ಪ್ರೈಮರ್, ಕೆಲಸ ಮುಗಿದ ಮೇಲೆ ಸಿಲ್‌ನೊಳಗೆ ಉದ್ದ ಪೈಪ್ ತೂರಿಸಿ ಕ್ಯಾವಿಟಿ ವ್ಯಾಕ್ಸ್ (ಟೊಳ್ಳು ಭಾಗದ ಒಳಗೆ ಹೊಡೆಯುವ ತುಕ್ಕು ತಡೆಯುವ ಮೇಣ), ನೀರಿನ ತೂತುಗಳು ತೆರೆದಿರಬೇಕು. ವ್ಯಾಕ್ಸ್ ನೀವೇ ತಂದುಕೊಟ್ಟರೆ ಹೊಡೆದುಕೊಡುತ್ತಾರೆ.

ಅಂಡರ್‌ಕೋಟ್ ಬಳಿಯುವ ಮುನ್ನ ಒಮ್ಮೆ ಹೋಗಿ ಬೆಸುಗೆಗಳನ್ನು ಕಣ್ಣಾರೆ ನೋಡಿ. ಕರೆದರೆ ಅವರೇ ಜಾಕ್ ಏರಿಸಿ, ಲೈಟ್ ಹಿಡಿದು ತೋರಿಸುತ್ತಾರೆ.