ಧೋತರದ ಮೇಲೆ ನಾಗಮಂಡಲ: ನಮ್ಮ ಎಂಟೂವರೆ ಸಾವಿರದ ಪ್ರೊಜೆಕ್ಟರ್

ಮೊದಲೇ ಹೇಳಿಬಿಡುತ್ತೇನೆ, ಐದಕ್ಕೆ ಮೂರು ಸ್ಟಾರ್. ಅದರಲ್ಲೂ ಒಂದು ಸ್ಟಾರ್ ನಮ್ಮ ಕಾಕಾನ ಧೋತರಕ್ಕೆ ಸೇರಬೇಕು.

ಇದನ್ನು ತಗೊಂಡಿದ್ದೇ ಒಂದು ಜಗಳದಿಂದ. ಬೆಟಗೇರಿಯ ನಮ್ಮ ಮಾಳಿಗೆ ಮೇಲೆ ಗಿರ್ಮಿಟ್ ತಿನ್ನುತ್ತಾ ಕೂತಾಗ, ಕನ್ನಡದಲ್ಲಿ ಇವತ್ತಿನ ತನಕ ಬಂದಿರೋದರಲ್ಲಿ ನಂಬರ್ ಒನ್ ಸಿನಿಮಾ ಯಾವುದು ಅಂತ ಮಾತು ಬಂತು. ನಾನು 1997ರ ನಾಗಮಂಡಲ ಅಂದೆ. ಶಿಗ್ಗಾವಿಯ ಗೆಳೆಯ ಸಂತ ಶಿಶುನಾಳ ಶರೀಫ ಅಂದ. ಶಿಶುನಾಳ ತಮ್ಮ ತಾಲ್ಲೂಕಿನದು ಅನ್ನೋ ಜಂಭ ಬೇರೆ ಅವನಿಗೆ. ಎರಡನ್ನೂ ಮಾಡಿದವರು ಟಿ.ಎಸ್. ನಾಗಾಭರಣ, ಎರಡಕ್ಕೂ ಸಂಗೀತ ಸಿ. ಅಶ್ವತ್ಥ್, ಹಾಗಿದ್ದರೂ ನಾವಿಬ್ಬರು ಸೋಲುವವರಲ್ಲ. ಹಾನಗಲ್ಲಿನ ಅತ್ತೆ ಮಗಳು ಮುಂಗಾರು ಮಳೆ ಬಿಟ್ಟು ಕದಲಲಿಲ್ಲ. ಅವ್ವ ಅಡುಗೆಮನೆಯಿಂದಲೇ ಸಂಪತ್ತಿಗೆ ಸವಾಲ್ ಅಂತ ಕೂಗಿದಳು. ಕೊನೆಗೆ ಕಾಕಾ ಎಲೆ-ಅಡಿಕೆ ಬಾಯಿಗೆ ಹಾಕಿಕೊಂಡು, "ತಮ್ಮಾ, ಭೀಮಸೇನ ನಮ್ಮ ಗದಗಿನಾಗ ಬೆಳದಾಂವ. ಅಂವಾ ಹಾಡಿದ ಸಂಧ್ಯಾರಾಗ ಇರೂತನಕಾ ಬ್ಯಾರೆ ಯಾವುದು ಫಸ್ಟ್ ಬರತೈತಿ?" ಅಂದರು. ಬಾಯಿಮಾತು ಸಾಕು, ಶನಿವಾರಕ್ಕೊಂದು ಹಾಕಿ ನೋಡೋಣ, ಪೂರ್ತಿ ನೋಡಿದವರಿಗೆ ಮಾತ್ರ ಓಟು ಅಂತ ತೀರ್ಮಾನವಾಯಿತು. ಎಲ್ಲರೂ ದುಡ್ಡು ಹಾಕಿ ಆನ್‌ಲೈನ್‌ನಲ್ಲಿ ತರಿಸಿದೆವು. ಕಂಪನಿ ಹೆಸರು ಬೇಡ ಬಿಡಿ, ಈ ರೇಟಿನವು ಹೆಚ್ಚುಕಡಿಮೆ ಎಲ್ಲಾ ಹೀಗೇ ಇರುತ್ತವೆ.

ಡಬ್ಬದ ಮೇಲೆ ಬೆಳಕಿನ ಅಳತೆ ಅಂತ ದೊಡ್ಡದಾಗಿ 9000 ಲ್ಯೂಮೆನ್ಸ್. ಒಳಗಿನ ಚೀಟಿಯಲ್ಲಿ ಇರುವೆ ಅಕ್ಷರದಲ್ಲಿ 200 ಆನ್ಸಿ ಲ್ಯೂಮೆನ್ಸ್. ನಿಜವಾದ ಬೆಳಕು ಈ ಎರಡನೇದು, ಅದನ್ನೇ ನೋಡಿ ತಗೊಳ್ಳಿ. "4ಕೆ ಸಪೋರ್ಟ್" ಅನ್ನೋದೂ ಅಂಥದ್ದೇ. 4ಕೆ ಫೈಲು ಕೊಟ್ಟರೆ ಬೇಡ ಅನ್ನೋದಿಲ್ಲ, ಆದರೆ ಗೋಡೆ ಮೇಲೆ ಬೀಳೋದು ಅದಕ್ಕಿಂತ ಎಷ್ಟೋ ಕಡಿಮೆ ಸ್ಪಷ್ಟತೆಯ 720. ಮಗ್ಗುಲಿನ ಮನೆಯ ಟ್ಯೂಬ್‌ಲೈಟ್ ಹತ್ತಿದರೂ ಚಿತ್ರ ಮಸುಕು. ಕತ್ತಲಾಗುವ ತನಕ ಶುರು ಮಾಡೋ ಹಾಗೇ ಇಲ್ಲ.

ಪರದೆಗೆ ಅಂತ ಮೊದಲು ಚಾದರ ಕಟ್ಟಿದೆವು, ಹೂವಿನ ಡಿಸೈನು ಹೀರೋ ಮುಖದ ಮೇಲೆ ಅರಳುತ್ತಿತ್ತು. ಆಮೇಲೆ ಕಾಕಾನ ಬಿಳಿ ಧೋತರ. ಬಣ್ಣ ಚೆನ್ನಾಗಿ ಬಂತು, ಆದರೆ ನಮ್ಮ ಕಡೆ ಗಾಳಿ ಗೊತ್ತಲ್ಲ, ಕಪ್ಪತಗುಡ್ಡದಲ್ಲಿ ಅಷ್ಟು ಗಾಳಿಯಂತ್ರ ಸುಮ್ನೆ ನಿಲ್ಲಿಸಿಲ್ಲ. ಧೋತರದ ಕೆಳಗಡೆ ಇಟ್ಟಂಗಿ ಕಟ್ಟಿದ ಮೇಲೆ ಶರೀಫರು ಅಲುಗಾಡೋದು ನಿಲ್ಲಿಸಿದರು.

ಶರೀಫ ಚೆನ್ನಾಗಿ ಬಂತು ಅಂತ ಒಪ್ಪಿಕೊಳ್ಳಲೇಬೇಕು. ಬಹುಪಾಲು ಹಗಲಿನ ದೃಶ್ಯ, ಶ್ರೀಧರ್ ಮುಖ, ಗೋವಿಂದಭಟ್ಟರಾಗಿ ಗಿರೀಶ ಕಾರ್ನಾಡರು, ಎಲ್ಲಾ ಸ್ಪಷ್ಟ. ಆದರೆ ಮಷೀನಿನ ಸ್ಪೀಕರ್ ಅಶ್ವತ್ಥರ ದನಿಯನ್ನು ಡಬ್ಬಿಯೊಳಗೆ ಹಾಕಿ ಮುಚ್ಚಿಬಿಟ್ಟಿತು, ಅದರ ಮೇಲೆ ಒಳಗಿನ ಫ್ಯಾನಿನ ಗುರ್ ಸದ್ದು. ಬ್ಲೂಟೂತ್ ಹಾಕಿದರೆ ತುಟಿ ಒಂದು ಕಡೆ ಮಾತು ಒಂದು ಕಡೆ. ಹಳೇ ಹೋಮ್ ಥಿಯೇಟರಿಗೆ ವೈರ್ ಎಳೆದ ಮೇಲೆಯೇ ಸರಿಹೋಯಿತು. ಇನ್ನೊಂದು, ದುಡ್ಡು ಕೊಟ್ಟ ಕೆಲವು ಆ್ಯಪ್‌ಗಳನ್ನು ಮೊಬೈಲಿಂದ ಮಿರರ್ ಮಾಡಿದರೆ ದನಿ ಬರುತ್ತದೆ, ಪರದೆ ಕಪ್ಪು. ಕಾಪಿ ಆಗದಿರಲಿ ಅಂತ ಅವರೇ ಇಟ್ಟ ಬೀಗ ಅದು. ಲ್ಯಾಪ್‌ಟಾಪಿಂದ ಎಚ್‌ಡಿಎಂಐ ವೈರ್ ಹಾಕಿ, ತಲೆ ಕೆಡಿಸಿಕೊಳ್ಳಬೇಡಿ.

ನನ್ನ ಶನಿವಾರ ಬಂತು. ನಾಗಮಂಡಲದ ಕಥೆ ನಡೆಯೋದೇ ರಾತ್ರಿಯಲ್ಲಿ ಅಲ್ವಾ. ಹಗಲು ಗಂಡ ಅಪ್ಪಣ್ಣ ರಾಣಿಗೆ ಕೀಲಿ ಹಾಕಿ ಹೋಗುತ್ತಾನೆ, ಕತ್ತಲಾದ ಮೇಲೆ ನಾಗಪ್ಪ ಅವನ ರೂಪದಲ್ಲಿ ಬರುತ್ತಾನೆ. ಪ್ರಕಾಶ್ ರೈ ಎರಡಕ್ಕೂ ಬೇರೆ ಬೇರೆ ಕಣ್ಣು ಇಟ್ಟುಕೊಂಡಿದ್ದಾರೆ, ನಾನು ಆ ಸಿನಿಮಾ ಹಿಡಿದುಕೊಂಡು ಕೂತಿರೋದೇ ಅದಕ್ಕೆ. ಈ ಪ್ರೊಜೆಕ್ಟರಿಗೆ ಕಪ್ಪು ಅಂದರೆ ಬೂದಿ. ಯಾರು ಬಂದರು, ಯಾರು ಹೋದರು, ಗೊತ್ತೇ ಆಗಲಿಲ್ಲ. "ಈಗ ಬಂದಾಂವ ಗಂಡೋ ಹಾವೋ?" ಅಂತ ಅವ್ವ ಮೂರು ಸಲ ಕೇಳಿದಳು. ಗೋಪಾಲ ವಾಜಪೇಯಿ ಬರೆದ ಮಾತು ನಮ್ಮ ಮನೆ ಮಾತಿನ ಹಾಗೇ ಇತ್ತು ಅಂತ ಎಲ್ಲರೂ ಹೊಗಳಿದರು, ಆದರೆ ಓಟು ಬಿದ್ದಿದ್ದು ಎರಡೇ, ಅದರಲ್ಲಿ ಒಂದು ನನ್ನದು. ಮುಂಗಾರು ಮಳೆಗೂ ಅದೇ ಗತಿ, ಮೋಡ ಮಳೆ ಎಲ್ಲಾ ಸೇರಿ ಒಗೆಯದ ಬನಿಯನ್ ಬಣ್ಣ.

ಗೆದ್ದಿದ್ದು ಕಾಕಾ. ಸಂಧ್ಯಾರಾಗ 1966ರ ಕಪ್ಪು-ಬಿಳುಪು ಚಿತ್ರ, ನಾನು ಅದಕ್ಕೆ ಏನೂ ನಿರೀಕ್ಷೆ ಇಟ್ಟುಕೊಂಡಿರಲಿಲ್ಲ. ಹಳೇ ಸಿನಿಮಾದ ಚೌಕಟ್ಟು ಚೌಕ, ಧೋತರದ ಎರಡೂ ಬದಿ ಖಾಲಿ ಉಳಿಯಿತು, ಆದರೆ ಮುಖಗಳು ಕೊರೆದ ಹಾಗೆ ಬಂದವು. "ನಂಬಿದೆ ನಿನ್ನ ನಾದದೇವತೆಯೆ" ಅಂತ ಭೀಮಸೇನ ಜೋಶಿ ಶುರು ಮಾಡಿದಾಗ ಮಗ್ಗುಲ ಮನೆಯವರು ಟ್ಯೂಬ್‌ಲೈಟ್ ತಾವೇ ಆರಿಸಿ ಮಾಳಿಗೆಗೆ ಬಂದು ನಿಂತರು. ಆರು ಓಟು.

ಸಂಪತ್ತಿಗೆ ಸವಾಲ್ ಎರಡನೇದು. ಅದು ಧುತ್ತರಗಿಯವರ ನಾಟಕ ಅಂತ ನನಗೆ ಅವ್ವನೇ ಹೇಳಿದ್ದು, ಚಿಕ್ಕವಳಿದ್ದಾಗ ಕಂಪನಿಯವರು ಆಡಿದ್ದನ್ನು ನೋಡಿದ್ದಳಂತೆ. ಎಮ್ಮೆ ಮೇಲೆ ರಾಜಕುಮಾರ್ "ಯಾರೇ ಕೂಗಾಡಲಿ" ಶುರು ಮಾಡಿದ್ದೇ ತಡ ಕರೆಂಟ್ ಹೋಯಿತು. ಇನ್ವರ್ಟರ್ ವೈರು ಮಾಳಿಗೆ ತನಕ ಇಲ್ಲ, ಉಳಿದ ಹಾಡನ್ನು ಅವ್ವನೇ ಹಾಡಿದಳು.

ಕತ್ತಲೆ ಕೋಣೆ, ಬಿಳಿ ಗೋಡೆ ಇದ್ದು ಹಳೇ ಸಿನಿಮಾ ಜಾಸ್ತಿ ನೋಡೋರಾದರೆ ತಗೊಳ್ಳಿ. ರಾತ್ರಿ ದೃಶ್ಯದ ಸಿನಿಮಾ ಇಷ್ಟ ಅನ್ನೋರು ಇನ್ನಷ್ಟು ದುಡ್ಡು ಕೂಡಿಸಿ. ನಾನು ಮುಂದಿನ ಶನಿವಾರ ನಾಗಮಂಡಲವನ್ನು ಒಳಗಿನ ಕೋಣೆಯಲ್ಲಿ, ಕಿಟಕಿಗೆ ಕಂಬಳಿ ಹೊದಿಸಿ ಇನ್ನೊಮ್ಮೆ ಹಾಕುತ್ತೇನೆ ಅಂದಿದ್ದೇನೆ. ಓಟು ಮುಗಿದಿದೆ ಅಂತ ಕಾಕಾ ಒಪ್ಪುತ್ತಿಲ್ಲ, ಧೋತರವನ್ನೂ ವಾಪಸ್ ಒಯ್ದಿದ್ದಾರೆ.