ಜೆನ್‌ಬ್ಯಾಂಕ್ ಮತ್ತು ಬ್ಲಾಸ್ಟ್: ಸಿಫಿಲಿಸ್ ಪಾಠಕ್ಕೆ ನನ್ನ ಪ್ರಯೋಗಾಲಯ

ಎಂ.ಎಸ್ಸಿ. ಸೂಕ್ಷ್ಮಜೀವಿಶಾಸ್ತ್ರದ ತರಗತಿಗೆ ಟ್ರೆಪೊನೆಮಾ ಪಾಠ ಮಾಡುವವಳು ನಾನು. ತೋರಿಸಲು ಕೈಯಲ್ಲಿ ಏನೂ ಇರುವುದಿಲ್ಲ. ಸಿಫಿಲಿಸ್ ತರುವ ಈ ಬ್ಯಾಕ್ಟೀರಿಯಾ ಅಗಾರ್ ತಟ್ಟೆಯಲ್ಲಿ ಬೆಳೆಯುವುದೇ ಇಲ್ಲ. 1912ರಲ್ಲಿ ರೋಗಿಯೊಬ್ಬರ ಮಿದುಳು-ಬೆನ್ನುಹುರಿ ದ್ರವದಿಂದ ತೆಗೆದ ನಿಕೋಲ್ಸ್ ತಳಿಯನ್ನು ವಿಜ್ಞಾನಿಗಳು ದಶಕಗಳ ಕಾಲ ಮೊಲಗಳಲ್ಲಿ ಬೆಳೆಸಿ ಉಳಿಸಿಕೊಂಡರು. ಹಾಗಾಗಿ ಅಮೆರಿಕದ ಜೈವಿಕ ಮಾಹಿತಿ ಕೇಂದ್ರ ಎನ್‌ಸಿಬಿಐ ನಡೆಸುವ ಜೆನ್‌ಬ್ಯಾಂಕ್ (ಡಿಎನ್‌ಎ ಅಕ್ಷರಸಾಲುಗಳ ಸಾರ್ವಜನಿಕ ಭಂಡಾರ) ಮತ್ತು ಬ್ಲಾಸ್ಟ್ (ಆ ಸಾಲುಗಳನ್ನು ಹೋಲಿಸುವ ಸಾಧನ) ಸೇವೆಯನ್ನೇ ನೆಚ್ಚಿಕೊಂಡಿದ್ದೇನೆ. ದುಡ್ಡು ಕೊಡಬೇಕಿಲ್ಲ, ಹುಡುಕಲು ಖಾತೆಯೂ ಬೇಡ.

ನಾನು ಮಾಡಿಸುವ ಅಭ್ಯಾಸ ಸರಳ. ಬ್ಲಾಸ್ಟ್‌ನಲ್ಲಿ ಎರಡು ಜೀನೋಮ್‌ಗಳನ್ನು (ಜೀವಿಯ ಇಡೀ ಡಿಎನ್‌ಎ ಸಾಲುಗಳನ್ನು) ಎದುರುಬದುರು ಇಡುವ ಆಯ್ಕೆ ತೆರೆದು, ಒಂದು ಕಡೆ ಸಿಪಿ003902 (CP003902), ಇನ್ನೊಂದು ಕಡೆ ಸಿಪಿ002374 (CP002374) ಎಂಬ ಜೆನ್‌ಬ್ಯಾಂಕ್ ದಾಖಲೆ ಸಂಖ್ಯೆಗಳನ್ನು ತುಂಬಿಸಬೇಕು. ಮೊದಲನೆಯದು 1966ರಲ್ಲಿ ಗಿನಿ ದೇಶದ ಬಬೂನ್ ಕೋತಿಯಿಂದ ತೆಗೆದ ಫ್ರಿಬೂರ್-ಬ್ಲಾಂಕ್ ತಳಿ. ಎರಡನೆಯದು ಸಮೋವಾದ ಮನುಷ್ಯನಲ್ಲಿ ಕಂಡ ಯಾಸ್ ರೋಗದ ತಳಿ; ಯಾಸ್ ಎಂದರೆ ಸಿಫಿಲಿಸ್ ಬ್ಯಾಕ್ಟೀರಿಯಾದ ಹತ್ತಿರದ ಉಪಜಾತಿಯೊಂದು ತರುವ ಚರ್ಮರೋಗ. ಎರಡು ಸಾಲುಗಳು ಹೊಂದುವ ಜಾಗಗಳನ್ನು ತೋರಿಸುವ ಚುಕ್ಕಿ ನಕ್ಷೆ ತೆರೆದರೆ ಮೂಲೆಯಿಂದ ಮೂಲೆಗೆ ಓರೆಯಾಗಿ ಗೆರೆ ಎಳೆದಂತೆ ಕಾಣುತ್ತದೆ. ಒಂದು ಪಶ್ಚಿಮ ಆಫ್ರಿಕಾದ ಕೋತಿಯದು, ಇನ್ನೊಂದು ಪೆಸಿಫಿಕ್ ದ್ವೀಪದ ಮನುಷ್ಯನದು. ಆದರೂ ಎರಡೂ ಅಷ್ಟು ಹತ್ತಿರ. ಮಕ್ಕಳು ತಾವೇ ಬೆರಳಿಟ್ಟು ತೋರಿಸುವಂತಾದಾಗ ನನಗೆ ಆಗುವ ಸಂತೋಷ ಹೇಳತೀರದು.

ಆಮೇಲೆ ಯಾಸ್ ತಳಿಯನ್ನು ಸಿಫಿಲಿಸ್ ತಳಿಯ ಜೊತೆ ಹೋಲಿಸಬೇಕು. ಎರಡರ ನಡುವಿನ ಅಂತರ ಶೇ. 0.2ಕ್ಕಿಂತ ಕಡಿಮೆ. ಸುಮಾರು 11.4 ಲಕ್ಷ ಅಕ್ಷರಗಳ ಜೀನೋಮ್‌ನಲ್ಲಿ ಹೆಚ್ಚೆಂದರೆ ಎರಡು ಸಾವಿರ ಚಿಲ್ಲರೆ ಅಕ್ಷರ. ಹರಡುವ ದಾರಿ ಬೇರೆ, ರೋಗದ ಸ್ವರೂಪ ಬೇರೆ, ವ್ಯತ್ಯಾಸ ಮಾತ್ರ ಇಷ್ಟೇ! ಅಭ್ಯಾಸಬಲದಿಂದ, ಬ್ಯಾಕ್ಟೀರಿಯಾ ಗುರುತಿಸಲು ಸಾಮಾನ್ಯವಾಗಿ ಬಳಸುವ 16ಎಸ್ ಜೀನ್ ಹಿಡಿದು ಹೊರಟವರಿಗೆ ಈ ಭೇದ ಕೈಗೆ ಸಿಗದು. ಉಪಜಾತಿ ಗುರುತಿಸಲು ಟಿಪಿ0548 ಜೀನ್ ತೆಗೆದುಕೊಳ್ಳಿ. ಮೊಲಗಳದೇ ಆದ ಟ್ರೆಪೊನೆಮಾ ತಳಿ ಸಿಪಿ002103 ಅನ್ನೂ ನೋಡಿ. ಅದು ಮನುಷ್ಯರಿಗೆ ಸೋಂಕು ತರುವುದಿಲ್ಲ. ಅದರ ಟಿಪಿಆರ್ ಎಂಬ (ಟ್ರೆಪೊನೆಮಾಗಳಲ್ಲಿರುವ) ಜೀನ್‌ಗಳ ಗುಂಪು ಬಹಳಷ್ಟು ಹಾಳಾಗಿದೆ.

ಕೊರತೆಗಳೂ ಇವೆ. ದಾಖಲೆ ತಿದ್ದುವ ಹಕ್ಕು ಸಲ್ಲಿಸಿದವರದು. ಹಾಗಾಗಿ 1998ರ ನಿಕೋಲ್ಸ್ ಜೀನೋಮ್ ಎಇ000520, ಅದರ ದೋಷ ಸರಿಪಡಿಸಿ 2013ರಲ್ಲಿ ಪ್ರಕಟವಾದ ಸಿಪಿ004010 ಎರಡೂ ಅಕ್ಕಪಕ್ಕ ಉಳಿದಿವೆ. ಎರಡನೆಯದನ್ನೇ ಬಳಸಿ. ಅದೇ ಟಿಪಿಆರ್ ಗುಂಪಿನ ಟಿಪಿಆರ್‌ಕೆ ಎಂಬ ಜೀನ್ ಒಬ್ಬನೇ ರೋಗಿಯ ದೇಹದೊಳಗೆ ರೂಪ ಬದಲಿಸುತ್ತಾ ರೋಗನಿರೋಧಕ ಶಕ್ತಿಯಿಂದ ತಪ್ಪಿಸಿಕೊಳ್ಳುತ್ತದೆ. ದಾಖಲೆಯಲ್ಲಿ ಸಿಗುವ ಒಂದೇ ಸಾಲಿನಿಂದ ಈ ಆಟ ತಿಳಿಯದು. ನಮ್ಮ ಹಳ್ಳಿಗಳಿಂದ ಬಂದ ಮಕ್ಕಳಿಗೆ ಪುಟವೆಲ್ಲ ಇಂಗ್ಲಿಷ್ ಎನ್ನುವುದೂ ಒಂದು ಗೋಡೆಯೇ. ಮೊದಲ ದಿನ ಪಕ್ಕದಲ್ಲಿ ಕುಳಿತು ತೋರಿಸುವವರು ಬೇಕು.

ಒಂದು ಎಚ್ಚರಿಕೆ ಹೇಳಲೇಬೇಕು. ಜೀನೋಮ್ ಹೋಲುತ್ತದೆ ಎಂದ ಮಾತ್ರಕ್ಕೆ ಕೋತಿಯಿಂದ ಮನುಷ್ಯನಿಗೆ ಸೋಂಕು ದಾಟುತ್ತಿದೆ ಎಂದು ಸಾಬೀತಾಗುವುದಿಲ್ಲ. 2016ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಭಾರತವನ್ನು ಯಾಸ್‌ಮುಕ್ತ ಎಂದು ಘೋಷಿಸಿತು. ಆದರೆ ರೋಗ ಉಳಿದಿರುವ ಆಫ್ರಿಕಾದ ದೇಶಗಳಲ್ಲಿ ಈ ಪ್ರಶ್ನೆಗೆ ಉತ್ತರ ಬೇಕೆಂದರೆ ಊರಿನ ಜನರಿಂದಲೂ ಕಾಡಿನ ಕೋತಿಗಳಿಂದಲೂ ಮಾದರಿಗಳನ್ನು ತರಬೇಕು. ಆ ಕೆಲಸ ಬ್ಲಾಸ್ಟ್ ಮಾಡಿಕೊಡುವುದಿಲ್ಲ. ಐದಕ್ಕೆ ನಾಲ್ಕೂವರೆ ಅಂಕ ಕೊಡುತ್ತೇನೆ.